ಕಾರಿಗೆ ಜಿಪಿಎಸ್ ಹಾಕಿಸಿದ್ದೀರಿ, ವಿಮೆ ಫಾರ್ಮಿನಲ್ಲಿ ಏನು ಬರೆಯುತ್ತೀರಿ?

‘ಕಾರಿಗೆ ಜಿಪಿಎಸ್ ಹಾಕಿಸಿದೀನಿ, ಇನ್ಶೂರೆನ್ಸ್ ಎಷ್ಟು ಕಮ್ಮಿ ಆಗುತ್ತೆ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು: ‘ಪೋರ್ಟಲ್‌ನಲ್ಲಿ ಆ್ಯಂಟಿ ಥೆಫ್ಟ್ ಡಿವೈಸ್ ಅಂತ ಒಂದು ಚೌಕ ಇದೆ. ಟಿಕ್ ಮಾಡ್ಲಾ, ಬೇಡ್ವಾ?’

ಮೊದಲ ಪ್ರಶ್ನೆಗೆ ಉತ್ತರ ಕೇಳಿ ಬೇಜಾರಾಗಬೇಡಿ. ಹೆಚ್ಚೆಂದರೆ 500 ರೂಪಾಯಿ. ಎರಡನೆಯದಕ್ಕೆ ಇಷ್ಟು ಚುಟುಕಾಗಿ ಉತ್ತರ ಕೊಡಲಾಗದು. ಕಳ್ಳತನ ತಡೆ ಸಾಧನದ ಆ ಚೌಕಕ್ಕೆ ಟಿಕ್ ಹಾಕಿದಿರೆಂದರೆ ರಿಯಾಯಿತಿ ಕೇಳಿದ್ದಷ್ಟೇ ಅಲ್ಲ, ಕಂಪನಿಗೆ ಒಂದು ಮಾತನ್ನೂ ಕೊಟ್ಟಿರುತ್ತೀರಿ. ಕಾರು ಕಳವಾದ ದಿನ ಅವರು ಹಿಡಿದುಕೊಳ್ಳುವುದು ಆ ಮಾತನ್ನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ

ಕಾರಿನ ಪೂರ್ಣ ಪಾಲಿಸಿಯಲ್ಲಿ ಎರಡು ಪಾಲಿರುತ್ತವೆ. ಒಂದು ಥರ್ಡ್ ಪಾರ್ಟಿ: ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಇದರ ದರವನ್ನು ಕೇಂದ್ರ ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., 1000ದಿಂದ 1500 ಸಿಸಿವರೆಗೆ 3,416 ರೂ., ಅದರ ಮೇಲೆ 7,897 ರೂ. ನೀವು ಕಾರಿನ ಸುತ್ತ ಕೋಟೆ ಕಟ್ಟಿದರೂ ಈ ಮೊತ್ತದಲ್ಲಿ ಒಂದು ಪೈಸೆ ಇಳಿಯುವುದಿಲ್ಲ.

ಇನ್ನೊಂದು ಸ್ವಂತ ಹಾನಿ, ಅಂದರೆ ಓನ್ ಡ್ಯಾಮೇಜ್. ಏಜೆಂಟರ ಬಾಯಲ್ಲಿ ‘ಓಡಿ’. ಅಪಘಾತ, ಬೆಂಕಿ, ಪ್ರವಾಹ, ಕಳವು ಎಲ್ಲ ಇದರೊಳಗೆ. ಕಳ್ಳತನ ತಡೆಯುವ ಸಾಧನಕ್ಕೆ ರಿಯಾಯಿತಿ ಸಿಗುವುದು ಈ ಪಾಲಿನಲ್ಲಿ ಮಾತ್ರ. 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ, ಅಂದರೆ ವಾಹನ ವಿಮೆಯ ದರ, ನಿಯಮಗಳ ಪಟ್ಟಿಯಲ್ಲಿ, ಅದನ್ನು ಶೇ 2.5, ಗರಿಷ್ಠ 500 ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. 2007ರಲ್ಲಿ ಓಡಿ ದರಗಳನ್ನು ಕಂಪನಿಗಳ ಕೈಗೇ ಬಿಟ್ಟರೂ ಈ ಹಳೆಯ ಲೆಕ್ಕವೇ ಬಹುಮಟ್ಟಿಗೆ ಉಳಿದುಕೊಂಡು ಬಂದಿದೆ.

ನಿಮ್ಮ ಓಡಿ ಪ್ರೀಮಿಯಂ 9,000 ರೂ. ಎಂದುಕೊಳ್ಳಿ. ಶೇ 2.5 ಎಂದರೆ 225 ರೂ. ಅದರ ಮೇಲಿನ ಶೇ 18 ಜಿಎಸ್‌ಟಿಯೂ ಉಳಿಯುವುದರಿಂದ ಕೈಗೆ ಹತ್ತುವುದು 265 ರೂಪಾಯಿ ಚಿಲ್ಲರೆ. ಪೂರ್ತಿ 500 ರೂಪಾಯಿ ಸಿಗಬೇಕಾದರೆ ಓಡಿಯೇ 20,000 ರೂ. ಆಗಬೇಕು. ಜಿಪಿಎಸ್ ಟ್ರ್ಯಾಕರ್‌ಗೆ ಕೊಟ್ಟ ದುಡ್ಡು ರಿಯಾಯಿತಿಯಲ್ಲೇ ವಾಪಸ್ ಬರುತ್ತದೆ ಎಂದು ಅಂಗಡಿಯವನು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಟ್ರ್ಯಾಕರ್ ಹಾಕಿಸುವುದು ಕಾರು ಕೈಬಿಟ್ಟು ಹೋಗದಿರಲಿ ಎಂದು. ರಿಯಾಯಿತಿ ಮಸಾಲೆ ದೋಸೆಗೆ ಆಗುವಷ್ಟು.

ಇನ್ನು, ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಈ ಲೇಖನ ನಿಮಗಲ್ಲ. ಕಾರು ಕಳವಾದರೆ ಅದರಲ್ಲಿ ಏನೂ ಬರುವುದಿಲ್ಲ.

1. ಕಾರಿನಲ್ಲಿ ನಿಜಕ್ಕೂ ಏನಿದೆ, ಪಟ್ಟಿ ಮಾಡಿ

ಫಾರ್ಮ್ ತೆರೆಯುವ ಮುಂಚೆ ಕಾರಿನ ಹತ್ತಿರ ಹೋಗಿ. ಮೊಬೈಲ್ ಜೊತೆಗೆ ಒಂದು ಚೀಟಿ, ಪೆನ್ನು ಇರಲಿ. ‘ಎಲ್ಲ ಇದೆ ಸರ್, ಟಾಪ್ ಮಾಡೆಲ್’ ಎನ್ನುವವರಿಗೆ ತಮ್ಮ ಕಾರಿನಲ್ಲಿ ಇರುವುದು ಅಲಾರಮ್ಮೋ ಇಮೊಬಿಲೈಸರೋ ಗೊತ್ತಿರುವುದಿಲ್ಲ. ಇವು ಬೇರೆ ಬೇರೆ:

ಇಮೊಬಿಲೈಸರ್ ಎಂದರೆ ಕೀಲಿಯೊಳಗಿನ ಚಿಪ್ಪನ್ನು ಗುರುತಿಸಿ, ಸರಿಯಾದ ಕೀಲಿಯಲ್ಲದಿದ್ದರೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ. ಇತ್ತೀಚಿನ ಹೆಚ್ಚಿನ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಅಥವಾ ಕಾರಿಗೆ ಬೀಗ ಹಾಕಿದಂಥ ಪುಟ್ಟ ಚಿತ್ರ ಮಿನುಗುತ್ತಿದ್ದರೆ ಅದೇ.

ಅಲಾರಂ ಎಂದರೆ ಬಾಗಿಲು ಬಲವಂತವಾಗಿ ತೆರೆದರೆ ಬೊಬ್ಬೆ ಹೊಡೆಯುವುದು. ಎಂಜಿನ್ ನಿಲ್ಲಿಸುವುದಿಲ್ಲ.

ಕನೆಕ್ಟೆಡ್ ಕಾರ್ ಆ್ಯಪ್: ಬ್ಲೂಲಿಂಕ್, ಕಿಯಾ ಕನೆಕ್ಟ್, ಐಸ್ಮಾರ್ಟ್, ಸುಜುಕಿ ಕನೆಕ್ಟ್, ಅಡ್ರಿನಾಕ್ಸ್ ಇತ್ಯಾದಿ. ಕಾರು ಎಲ್ಲಿದೆ ಎಂದು ಫೋನಿನಲ್ಲೇ ತೋರಿಸುತ್ತವೆ. ಗೊತ್ತು ಮಾಡಿದ ಗಡಿ ದಾಟಿದರೆ ಎಚ್ಚರಿಸುವ ಸೌಲಭ್ಯವೂ ಇರುತ್ತದೆ, ಅದಕ್ಕೆ ಜಿಯೋ ಫೆನ್ಸ್ ಎನ್ನುತ್ತಾರೆ. ಕೆಲವು ವರ್ಷ ಉಚಿತ, ಆಮೇಲೆ ಚಂದಾ ಕಟ್ಟಬೇಕು. ಚಂದಾ ಮುಗಿದಿದ್ದರೆ ಆ್ಯಪ್ ಫೋನಿನಲ್ಲಿ ಇರುತ್ತದೆ, ಕಾರು ಆ್ಯಪಿನಲ್ಲಿ ಇರುವುದಿಲ್ಲ.

ಹೊರಗಿನಿಂದ ಹಾಕಿಸಿದ ಟ್ರ್ಯಾಕರ್‌ನಲ್ಲಿ ಮೂರು ಬಗೆ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ, ಅಂದರೆ ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಚುಚ್ಚುವ ಕಿಂಡಿಗೆ, ಸಿಕ್ಕಿಸುವುದು ಒಂದು. ಕಳ್ಳನೂ ಅಷ್ಟೇ ಸುಲಭವಾಗಿ ಕಿತ್ತು ಎಸೆಯುತ್ತಾನೆ. ವೈರಿಂಗ್‌ಗೆ ಸೇರಿಸಿ ಒಳಗೆಲ್ಲೋ ಬಚ್ಚಿಡುವುದು ಎರಡನೆಯದು. ಇದರಲ್ಲಿ ರಿಲೇ, ಅಂದರೆ ವಿದ್ಯುತ್ತಿನ ಪುಟ್ಟ ಸ್ವಿಚ್ಚು, ಜೋಡಿಸಿ ಎಂಜಿನ್ ಆಫ್ ಮಾಡುವ ಸೌಲಭ್ಯ ಇರಬಹುದು. ಆಯಸ್ಕಾಂತದಿಂದ ಅಂಟಿಕೊಳ್ಳುವ, ಬ್ಯಾಟರಿ ಚಾರ್ಜ್ ಮಾಡಬೇಕಾದದ್ದು ಮೂರನೆಯದು.

ಸೀಟಿನ ಕೆಳಗೆ ಬಚ್ಚಿಟ್ಟ ಬ್ಲೂಟೂತ್ ಟ್ಯಾಗ್? ಇಡಿ, ಉಪಯೋಗಕ್ಕೆ ಬರುತ್ತದೆ. ವಿಮೆಯ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ.

ಗೇರ್ ಲಾಕ್, ಸ್ಟೀರಿಂಗ್ ಲಾಕ್: ಯಾಂತ್ರಿಕ ಬೀಗಗಳು. ನನ್ನ ಮಟ್ಟಿಗೆ ಕಾಸಿಗೆ ತಕ್ಕ ಕಜ್ಜಾಯ ಎಂದರೆ ಗೇರ್ ಲಾಕೇ. ಆದರೆ ಪ್ರಮಾಣಪತ್ರವಿಲ್ಲದಿದ್ದರೆ ರಿಯಾಯಿತಿಯ ಪಟ್ಟಿಗೆ ಇದೂ ಸೇರದು.

ಪಟ್ಟಿಗೆ ಸೇರಿಸಬಾರದ್ದನ್ನೂ ಹೇಳಿಬಿಡುತ್ತೇನೆ. ಏರ್‌ಬ್ಯಾಗ್, ಎಬಿಎಸ್, ಎಡಾಸ್, ರಿವರ್ಸ್ ಕ್ಯಾಮೆರಾ, ಭಾರತ್ ಎನ್‌ಕ್ಯಾಪ್ ನಕ್ಷತ್ರಗಳು ಕಾರಿನೊಳಗಿರುವವರ ಜೀವಕ್ಕೆ ಸಂಬಂಧಪಟ್ಟವು, ಕಳ್ಳನಿಗಲ್ಲ. ನಮ್ಮ ಬಾಯಲ್ಲಿ ಎಲ್ಲವೂ ‘ಸೇಫ್ಟಿ ಫೀಚರ್’ ಆಗಿರುವುದರಿಂದ ಈ ಗೊಂದಲ. ಫಾಸ್ಟ್ಯಾಗ್ ಟ್ರ್ಯಾಕರ್ ಅಲ್ಲ, ಟೋಲ್ ದಾಟಿದಾಗ ಬರುವ ಎಸ್ಸೆಮ್ಮೆಸ್ ಪೊಲೀಸರಿಗೆ ಸುಳಿವಾಗಬಹುದು ಅಷ್ಟೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿಗೂ ಈ ರಿಯಾಯಿತಿಗೂ ನಂಟಿಲ್ಲ.

2. ಪ್ರಮಾಣಪತ್ರ ಇದೆಯೇ ಹುಡುಕಿ

ಫಾರ್ಮಿನ ಪ್ರಶ್ನೆಯನ್ನು ಪೂರ್ತಿ ಓದಿ. ‘ಕಳ್ಳತನ ತಡೆ ಸಾಧನ ಇದೆಯೇ’ ಎಂದಷ್ಟೇ ಇರುವುದಿಲ್ಲ, ‘ಎಆರ್‌ಎಐ ಅನುಮೋದಿತ’ ಎಂಬ ಮಾತು ಜೊತೆಗಿರುತ್ತದೆ. ಎಆರ್‌ಎಐ ಎಂದರೆ ಪುಣೆಯಲ್ಲಿರುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ; ವಾಹನಗಳನ್ನೂ ಬಿಡಿಭಾಗಗಳನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ. ಆನ್‌ಲೈನ್‌ನಲ್ಲಿ ಸಾವಿರದೈನೂರಕ್ಕೆ ತರಿಸಿದ ಡಬ್ಬಿ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಆ ಪತ್ರ ಇಲ್ಲದಿದ್ದರೆ ಈ ಪ್ರಶ್ನೆಗೆ ನಿಮ್ಮ ಉತ್ತರ ‘ಇಲ್ಲ’.

ಕಾರ್ಖಾನೆಯಿಂದ ಬಂದ ಇಮೊಬಿಲೈಸರ್ ಆದರೆ ಡೀಲರ್‌ಗೆ ಒಂದು ಮೇಲ್ ಹಾಕಿ: ‘ನನ್ನ ಈ ಮಾಡೆಲ್ ಮತ್ತು ವೇರಿಯಂಟ್‌ನಲ್ಲಿ ಎಆರ್‌ಎಐ ಪ್ರಮಾಣಿತ ಇಮೊಬಿಲೈಸರ್ ಇದೆಯೇ, ಪತ್ರದ ಪ್ರತಿ ಕೊಡಿ.’ ವೇರಿಯಂಟ್ ಹೆಸರು ಬರೆಯುವುದನ್ನು ಮರೆಯಬೇಡಿ. ಒಂದೇ ಕಾರಿನ ಕೆಳಗಿನ ವೇರಿಯಂಟ್‌ನಲ್ಲಿ ಇಲ್ಲದ್ದು ಮೇಲಿನದರಲ್ಲಿ ಇರುತ್ತದೆ. ಫೋನಿನಲ್ಲಿ ‘ಇದೆ ಇದೆ’ ಎಂದದ್ದು ನಾಳೆ ಸಾಕ್ಷಿಯಾಗುವುದಿಲ್ಲ.

ಹೊರಗೆ ಹಾಕಿಸಿದ್ದಾದರೆ ಮೂರು ಕಾಗದ ಬೇಕು: ಸಾಧನದ ಪ್ರಮಾಣಪತ್ರ, ನಿಮ್ಮ ಕಾರಿನ ನಂಬರ್ ಇರುವ ಅಳವಡಿಕೆ ಪತ್ರ, ಜಿಎಸ್‌ಟಿ ಬಿಲ್. ಟ್ಯಾರಿಫ್ ಪ್ರಕಾರ ಅಳವಡಿಕೆಯನ್ನು ಆಟೊಮೊಬೈಲ್ ಅಸೋಸಿಯೇಷನ್‌ನವರು ದೃಢೀಕರಿಸಬೇಕು. ನಮ್ಮ ಭಾಗದಲ್ಲಿ ಅದು ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸದರ್ನ್ ಇಂಡಿಯಾ. ನಿಮ್ಮ ಕಂಪನಿ ಯಾರ ಸಹಿ ಒಪ್ಪುತ್ತದೆ ಎಂಬುದನ್ನು ಮೊದಲೇ ಮೇಲ್‌ನಲ್ಲಿ ಕೇಳಿಟ್ಟುಕೊಳ್ಳಿ.

ಹೋಲಿಕೆಯಿಂದ ಮೋಸ ಹೋಗುವ ಚೌಕ ಇಲ್ಲೊಂದಿದೆ. ಇದರ ಪಕ್ಕದಲ್ಲೇ ‘ಆಟೊಮೊಬೈಲ್ ಅಸೋಸಿಯೇಷನ್ ಸದಸ್ಯರೇ?’ ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ. ಅದು ಬೇರೆಯದೇ ರಿಯಾಯಿತಿ: ಓಡಿಯ ಶೇ 5, ಕಾರಿಗೆ ಗರಿಷ್ಠ 200 ರೂ. ಸದಸ್ಯತ್ವ ಇಲ್ಲದೆ ಅದನ್ನು ಒತ್ತಬೇಡಿ, ಮುಂದಿನ ಪುಟದಲ್ಲಿ ಸದಸ್ಯತ್ವ ಸಂಖ್ಯೆಯನ್ನೂ ಮುಕ್ತಾಯದ ದಿನಾಂಕವನ್ನೂ ಕೇಳುತ್ತಾರೆ.

3. ಫಾರ್ಮ್ ತುಂಬುವಾಗ

ನಿಧಾನ ಮಾಡಬೇಕಾದ ಹಂತ ಇದು. ನಾವೆಲ್ಲ ನವೀಕರಣವನ್ನು ಕೊನೇ ದಿನ ರಾತ್ರಿ ಹನ್ನೊಂದೂವರೆಗೆ ಮಾಡುವವರು. ಹಾಗಾಗಿ ಹಿಂದಿನ ವರ್ಷದ ಉತ್ತರಗಳು ತಾವಾಗಿ ತುಂಬಿಕೊಂಡು ಬಂದರೆ ಪುಣ್ಯ ಎಂದು ‘ಮುಂದುವರಿಸಿ’ ಒತ್ತುತ್ತೇವೆ. ನನಗೂ ಆಗಿದೆ. ಎರಡು ವರ್ಷ ಕೆಳಗೆ ಪಾಲಿಸಿ ಶೆಡ್ಯೂಲ್, ಅಂದರೆ ಪಾಲಿಸಿಯ ವಿವರಗಳ ಪುಟ, ತೆರೆದು ನೋಡಿದರೆ ಪ್ರೀಮಿಯಂ ಕೋಷ್ಟಕದ ಆರನೇ ಸಾಲಿನಲ್ಲಿ ‘ಆ್ಯಂಟಿ ಥೆಫ್ಟ್ ರಿಯಾಯಿತಿ: 187’ ಎಂದಿತ್ತು. ಟ್ರ್ಯಾಕರನ್ನು ಬ್ಯಾಟರಿ ಬದಲಿಸಲು ಬಂದ ಎಲೆಕ್ಟ್ರಿಷಿಯನ್ ಎಂಟು ತಿಂಗಳ ಹಿಂದೆಯೇ ಬಿಚ್ಚಿ ಗ್ಲೌವ್ ಬಾಕ್ಸಿಗೆ ಹಾಕಿದ್ದ. ಅದು ವೈರಿನ ಬಾಲ ಸಮೇತ ಅಲ್ಲೇ ಕೂತಿತ್ತು. ಕಂಪನಿಗೆ ಮೇಲ್ ಮಾಡಿ, 187 ರೂಪಾಯಿಯನ್ನೂ ತೆರಿಗೆಯನ್ನೂ ಕಟ್ಟಿ ಆ ಸಾಲು ತೆಗೆಸಿದೆ. ನಗಬೇಡಿ, ಯಾಕೆ ಎಂದು ಹೇಳುತ್ತೇನೆ.

ಕಾರು ಪಾಲಿಸಿಯ ಪ್ರಮಾಣಿತ ಷರತ್ತುಗಳ ಕೊನೆಯಲ್ಲಿ ಒಂದು ವಾಕ್ಯವಿದೆ. ಪಾಲಿಸಿಯ ಷರತ್ತುಗಳನ್ನೂ ಎಂಡಾರ್ಸ್‌ಮೆಂಟ್‌ಗಳನ್ನೂ ಪಾಲಿಸುವುದು, ಪ್ರಪೋಸಲ್ ಫಾರ್ಮಿನಲ್ಲಿ ಕೊಟ್ಟ ಉತ್ತರಗಳು ಸತ್ಯವಾಗಿರುವುದು, ಇವೆರಡೂ ಕಂಪನಿಯ ಹೊಣೆಗಾರಿಕೆಗೆ ಪೂರ್ವಷರತ್ತು ಎಂದು. ಪ್ರಪೋಸಲ್ ಫಾರ್ಮ್ ಎಂದರೆ ನೀವು ವಿಮೆ ಕೇಳಿ ಕೊಡುವ ಅರ್ಜಿ. ಎಂಡಾರ್ಸ್‌ಮೆಂಟ್ ಎಂದರೆ ಪಾಲಿಸಿಗೆ ಅಂಟಿಸುವ ಹೆಚ್ಚುವರಿ ಅಥವಾ ತಿದ್ದುಪಡಿ ಷರತ್ತು. ಕಳ್ಳತನ ತಡೆ ಸಾಧನದ ರಿಯಾಯಿತಿ ಪಡೆದವರ ಪಾಲಿಸಿಗೆ ‘ಐಎಂಟಿ 10’, ಅಂದರೆ ಇಂಡಿಯಾ ಮೋಟಾರ್ ಟ್ಯಾರಿಫ್‌ನ 10ನೆಯ ಎಂಡಾರ್ಸ್‌ಮೆಂಟ್ ಅಂಟುತ್ತದೆ. ಅದರಲ್ಲಿ ರಿಯಾಯಿತಿಯ ಮೊತ್ತ ಬರೆದು, ಕೆಳಗೆ ಹೇಳಿರುತ್ತಾರೆ: ಪಾಲಿಸಿ ಮುಗಿಯುವವರೆಗೂ ಈ ಸಾಧನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಪಾಲಿಸಿ ಪಡೆದವನ ಹೊಣೆ.

ಈಗ ನನ್ನ ಗ್ಲೌವ್ ಬಾಕ್ಸಿನಲ್ಲಿದ್ದ ಡಬ್ಬಿಯನ್ನು ನೆನೆಸಿಕೊಳ್ಳಿ. ಆ ಎಂಟು ತಿಂಗಳಲ್ಲಿ ಕಾರು ಹೋಗಿದ್ದರೆ, 187 ರೂಪಾಯಿಗಾಗಿ ಐದಾರು ಲಕ್ಷದ ಕ್ಲೇಮಿಗೆ ನಾನೇ ತಕರಾರು ಬರೆದುಕೊಟ್ಟ ಹಾಗಾಗುತ್ತಿತ್ತು. ಷರತ್ತು ಮುರಿದ ಕಳವು ಪ್ರಕರಣಗಳಲ್ಲೂ ಕ್ಲೇಮನ್ನು ಪೂರ್ತಿ ತಳ್ಳಿಹಾಕದೆ ಶೇ 75ರಷ್ಟು ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ತೀರ್ಪುಗಳಿವೆ, ನಿಜ. ಆದರೆ ಅಲ್ಲಿಯವರೆಗೆ ಅಲೆಯುವವರು ಯಾರು?

ಫಾರ್ಮಿನಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು, ನಾನಾದರೆ ಕೊಡುವ ಉತ್ತರಗಳು:

‘ಎಆರ್‌ಎಐ ಅನುಮೋದಿತ ಕಳ್ಳತನ ತಡೆ ಸಾಧನ ಇದೆಯೇ?’ ಪತ್ರ ಕೈಯಲ್ಲಿದ್ದು, ಸಾಧನ ಇವತ್ತು ಕೆಲಸ ಮಾಡುತ್ತಿದ್ದರೆ ಮಾತ್ರ ‘ಹೌದು’. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ‘ಇಲ್ಲ’. ‘ಇಲ್ಲ’ ಎಂದು ಬರೆದು ಕಾರಿನಲ್ಲಿ ಟ್ರ್ಯಾಕರ್ ಇಟ್ಟುಕೊಂಡರೆ ತಪ್ಪೇನೂ ಇಲ್ಲ. ರಿಯಾಯಿತಿ ಬಿಟ್ಟುಕೊಟ್ಟಿರಿ, ಅಷ್ಟೇ. ನಿಜ ಹೇಳಬೇಕೆಂದರೆ ಟ್ರ್ಯಾಕರಿನ ಸಿಮ್ ರೀಚಾರ್ಜ್ ಮರೆಯುವ ಜಾಯಮಾನದವರಿಗೆ ನಾನು ಕೊಡುವ ಸಲಹೆ ಇದೇ.

‘ವಾಹನದಲ್ಲಿ ಮಾರ್ಪಾಡು ಮಾಡಿಸಿದ್ದೀರಾ?’ ವೈರಿಂಗ್ ಕತ್ತರಿಸಿ ರಿಲೇ ಹಾಕಿಸಿದ್ದರೆ ಕಂಪನಿಗೆ ತಿಳಿಸಿ. ಆಮೇಲೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿಕೊಂಡರೆ ಸರ್ವೇಯರ್ ಮೊದಲು ಹುಡುಕುವುದು ಕಾರು ಕಂಪನಿಯದಲ್ಲದ, ಟೇಪು ಸುತ್ತಿದ ವೈರನ್ನು. ಸರ್ವೇಯರ್ ಎಂದರೆ ನಷ್ಟ ಅಂದಾಜು ಮಾಡಲು ಬರುವ ಪರವಾನಗಿ ಪಡೆದ ಪರಿಶೀಲಕ. ಕಾರಿನ ವಾರಂಟಿ ಏನಾಗುತ್ತದೆ ಎಂಬುದನ್ನೂ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ.

‘ರಾತ್ರಿ ಕಾರು ಎಲ್ಲಿ ನಿಲ್ಲಿಸುತ್ತೀರಿ?’ ಎಲ್ಲರೂ ಕೇಳುವುದಿಲ್ಲ. ಕೇಳಿದರೆ ‘ರಸ್ತೆ ಬದಿ’ ಎಂದೇ ಬರೆಯಿರಿ. ಬೆಂಗಳೂರಿನ ಅರ್ಧ ಕಾರುಗಳು ಮಲಗುವುದೇ ಅಲ್ಲಿ, ನಾಚಿಕೆ ಯಾಕೆ.

‘ಟೆಲಿಮ್ಯಾಟಿಕ್ಸ್ ಆ್ಯಡ್ ಆನ್ ಬೇಕೆ?’ ಇದು ಬೇರೆ ಸಂಗತಿ. ಆ್ಯಡ್ ಆನ್ ಎಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ. ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಜುಲೈನಲ್ಲಿ ‘ಓಡಿಸಿದಷ್ಟಕ್ಕೆ ಕಟ್ಟು’, ‘ಹೇಗೆ ಓಡಿಸುತ್ತೀಯೋ ಹಾಗೆ ಕಟ್ಟು’ ಎಂಬ ಬಗೆಯ ಆ್ಯಡ್ ಆನ್‌ಗಳಿಗೆ ದಾರಿ ಮಾಡಿಕೊಟ್ಟಿತು. ಅವುಗಳಿಗಾಗಿ ಕೊಡುವ ಸಾಧನ ಅಥವಾ ಆ್ಯಪ್ ನಿಮ್ಮ ಕಿಲೋಮೀಟರ್, ವೇಗ, ಬ್ರೇಕ್ ಹಾಕುವ ರೀತಿ ನೋಡುತ್ತದೆ. ಅದು ಕಳ್ಳನನ್ನು ಹಿಡಿಯುವುದಕ್ಕಲ್ಲ, ನಿಮ್ಮನ್ನು ಅಳೆಯುವುದಕ್ಕೆ. ಅದಿದೆ ಎಂದು ಕಳ್ಳತನ ತಡೆ ಚೌಕಕ್ಕೆ ಟಿಕ್ ಹಾಕುವಂತಿಲ್ಲ.

ಏಜೆಂಟ್ ಮೂಲಕ ಮಾಡಿಸುವವರು ಪೂರ್ತಿ ತುಂಬಿದ ಫಾರ್ಮಿನ ಪ್ರತಿಯನ್ನು ಹಣ ಕಟ್ಟುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ದರ ಇಳಿಸಿ ತೋರಿಸುವ ಉಮೇದಿನಲ್ಲಿ ಸಿಕ್ಕ ಸಿಕ್ಕ ಚೌಕಕ್ಕೆಲ್ಲ ಟಿಕ್ ಹಾಕುವ ಏಜೆಂಟರಿದ್ದಾರೆ. ಟಿಕ್ ಅವರದು, ಸಹಿ ನಿಮ್ಮದು.

4. ಟ್ರ್ಯಾಕರಿನ ಬೆಲೆಗೂ ವಿಮೆ ಬೇಕೇ?

ಬಹಳ ಜನ ಇದನ್ನು ಕೇಳುವುದೇ ಇಲ್ಲ. ಕಾರಿನ ಐಡಿವಿ, ಅಂದರೆ ಕಳವಾದರೆ ಸಿಗುವ ಗರಿಷ್ಠ ಮೊತ್ತ, ಕಾರು ತಯಾರಿಸಿದ ಕಂಪನಿಯ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಬರುವಂಥದ್ದು. ನೀವು ಆಮೇಲೆ ಹಾಕಿಸಿದ ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಸ್ಟೀರಿಯೊ ಅದರಲ್ಲಿ ಸೇರಿರುವುದಿಲ್ಲ. ಸೇರಬೇಕಾದರೆ ‘ಎಲೆಕ್ಟ್ರಿಕಲ್ / ಎಲೆಕ್ಟ್ರಾನಿಕ್ ಆಕ್ಸೆಸರಿ’ ಕಾಲಂನಲ್ಲಿ ಬೆಲೆ ಬರೆಯಬೇಕು. ಇದಕ್ಕೆ ಐಎಂಟಿ 24 ಅನ್ವಯ. ಟ್ಯಾರಿಫ್ ದರದಲ್ಲಿ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ. 4,000 ರೂಪಾಯಿ ಟ್ರ್ಯಾಕರಿಗೆ 160 ರೂ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 40,000 ರೂಪಾಯಿಯ ಸ್ಟೀರಿಯೊ, ಕ್ಯಾಮೆರಾ ಹಾಕಿಸಿದವರು ಖಂಡಿತ ಬರೆಯಿರಿ, ಬಿಲ್ ಇಟ್ಟುಕೊಳ್ಳಿ.

5. ಪಾಲಿಸಿ ಕೈಗೆ ಬಂದ ದಿನ

ಪಿಡಿಎಫ್ ಬಂದ ತಕ್ಷಣ ಶೆಡ್ಯೂಲ್ ಪುಟ ತೆರೆಯಿರಿ. ಪ್ರೀಮಿಯಂ ಕೋಷ್ಟಕದಲ್ಲಿ ಕಳ್ಳತನ ತಡೆ ರಿಯಾಯಿತಿಯ ಸಾಲು, ಅನ್ವಯವಾಗುವ ಎಂಡಾರ್ಸ್‌ಮೆಂಟ್‌ಗಳ ಪಟ್ಟಿಯಲ್ಲಿ ‘10’ ಎಂಬ ಸಂಖ್ಯೆ, ಇವೆರಡೂ ನಿಮ್ಮ ಉತ್ತರಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಅಂದೇ ಮೇಲ್ ಮಾಡಿ. ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಸೊನ್ನೆಗೆ ‘ಓ’ ಬಿದ್ದಿರುವುದು ಕಳವು ಕ್ಲೇಮಿನ ಹೊತ್ತಿಗೆ ದೊಡ್ಡ ರಾಮಾಯಣವಾಗುತ್ತದೆ.

6. ವರ್ಷವಿಡೀ

ಟ್ರ್ಯಾಕರಿನೊಳಗೆ ಒಂದು ಸಿಮ್ ಇರುತ್ತದೆ. ಯಂತ್ರಗಳಿಗೆಂದೇ ಕೊಡುವ ಎಂ2ಎಂ ಸಿಮ್‌ಗಳಲ್ಲಿ 13 ಅಂಕಿ. ಅದು ಯಾರ ಹೆಸರಿನಲ್ಲಿದೆ, ಯಾವಾಗ ಮುಗಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸಿಮ್ ಅಂಗಡಿಯವನ ಹೆಸರಿನಲ್ಲಿದ್ದು ಅಂಗಡಿ ಮುಚ್ಚಿದರೆ ನಿಮ್ಮ ಸಾಧನ ಬರೀ ಡಬ್ಬಿ.

ತಿಂಗಳಿಗೊಮ್ಮೆ ಆ್ಯಪ್ ತೆರೆದು ಕಾರು ನಿಂತಿರುವ ಜಾಗವೇ ಕಾಣುತ್ತಿದೆಯೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಾಧನ ‘ಸುಸ್ಥಿತಿಯಲ್ಲಿ’ ಇತ್ತು ಎನ್ನುವುದಕ್ಕೆ ಇದಕ್ಕಿಂತ ಸುಲಭದ ಪುರಾವೆ ಇಲ್ಲ. ಸರ್ವಿಸ್, ಬ್ಯಾಟರಿ ಬದಲಾವಣೆ, ಟಿಂಕರಿಂಗ್ ಆದ ಸಂಜೆ ತಪ್ಪದೆ ನೋಡಿ.

ಸಾಧನ ಕೆಟ್ಟರೆ ರಿಪೇರಿ ಮಾಡಿಸಿದ ಬಿಲ್ ಇಟ್ಟುಕೊಳ್ಳಿ. ತೆಗೆಸಿಬಿಟ್ಟರೆ ಕಂಪನಿಗೆ ಬರೆದು ಎಂಡಾರ್ಸ್‌ಮೆಂಟ್ ತೆಗೆಸಿ. ಕಾರಿನ ಎರಡೂ ಕೀಲಿಗಳು ಎಲ್ಲಿವೆ ಎಂಬುದೂ ಗೊತ್ತಿರಲಿ. ಒಂದು ಕಳೆದರೆ ಪೊಲೀಸರಲ್ಲಿ ದಾಖಲಿಸಿ, ಕಂಪನಿಗೂ ತಿಳಿಸಿ. ಕಳವು ಕ್ಲೇಮಿನಲ್ಲಿ ಅವರು ಎರಡನ್ನೂ ಕೇಳುತ್ತಾರೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನವರು ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ. ಒಳಗಿನ ಕೀಲಿಯ ಸಿಗ್ನಲನ್ನು ಹೊರಗಿನಿಂದ ಹಿಗ್ಗಿಸಿ ಕಾರು ತೆರೆಯುವ ಕಳ್ಳರಿದ್ದಾರೆ. ಸಿಗ್ನಲ್ ತಡೆಯುವ ಚೀಲ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

7. ಕಾರು ಕಳವಾದರೆ

ಆ್ಯಪ್‌ನಲ್ಲಿ ಕಾರು ಹೊಸೂರು ರಸ್ತೆಯಲ್ಲಿ ಓಡುತ್ತಿರುವುದು ಕಂಡರೆ ನೀವೇ ಬೈಕ್ ಹತ್ತಿ ಬೆನ್ನಟ್ಟಬೇಡಿ. 112ಕ್ಕೆ ಕರೆ ಮಾಡಿ, ಲೊಕೇಶನ್ ಲಿಂಕನ್ನು ಪೊಲೀಸರಿಗೆ ಕೊಡಿ, ಪ್ರತಿ ಹಂತದ ಸ್ಕ್ರೀನ್‌ಶಾಟ್ ಸಮಯದ ಸಮೇತ ತೆಗೆಯಿರಿ. ಓಡುತ್ತಿರುವ ಕಾರಿನ ಎಂಜಿನ್ನನ್ನು ಮನೆಯಲ್ಲಿ ಕೂತು ಆಫ್ ಮಾಡಬೇಡಿ. ಹಿಂದೆ ಬರುತ್ತಿರುವ ಸ್ಕೂಟರಿನವನಿಗೆ ಏನಾದರೂ ಆದರೆ ಅದು ಬೇರೆಯೇ ಕಥೆ. ನಿಂತಾಗ ಆಫ್ ಮಾಡಿ, ಅದೂ ಪೊಲೀಸರನ್ನು ಕೇಳಿ.

ಅದೇ ದಿನ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ. ಈಗ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303(2). ಇ-ಲಾಸ್ಟ್ ಆ್ಯಪ್‌ನಲ್ಲಿ ದಾಖಲಿಸಿದ್ದು ಸಾಲದು, ಅದು ದಾಖಲೆ, ವಸ್ತು ಕಳೆದುಹೋದದ್ದಕ್ಕೆ. ಅಂದೇ ವಿಮಾ ಕಂಪನಿಗೂ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕಳವು ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಆ ತೀರ್ಪು ಇದೆ ಎಂದು ತಡಮಾಡಬೇಡಿ. ಆರ್‌ಟಿಒಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾರು ಸಿಗದೇ ಹೋದರೆ ಪೊಲೀಸರು ಕೋರ್ಟಿಗೆ ಪತ್ತೆಯಾಗದ ಪ್ರಕರಣ ಎಂದು ವರದಿ ಕೊಡುತ್ತಾರೆ. ನಮ್ಮ ಠಾಣೆಗಳಲ್ಲಿ ಅದರ ಹೆಸರು ‘ಸಿ ರಿಪೋರ್ಟ್’. ವಿಮಾ ಕಂಪನಿಯವರ ಭಾಷೆಯಲ್ಲಿ ‘ನಾನ್ ಟ್ರೇಸಬಲ್’. ಎರಡೂ ಒಂದೇ, ಠಾಣೆಯಲ್ಲಿ ಸಿ ರಿಪೋರ್ಟ್ ಎಂದೇ ಕೇಳಿ. ಅದು ಬರುವವರೆಗೆ ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ಆರ್‌ಸಿ, ಎರಡು ಕೀಲಿ, ಫಾರ್ಮ್ 28, 29, 30, ಸಾಲವಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಹೊಂದಿಸಿಟ್ಟುಕೊಳ್ಳಿ. ರಿಯಾಯಿತಿ ಪಡೆದವರು ಸಾಧನದ ಪ್ರಮಾಣಪತ್ರ, ಚಂದಾ ರಸೀದಿ, ಕೊನೆಯ ಲೊಕೇಶನ್ ದಾಖಲೆಯನ್ನೂ ಸೇರಿಸಿ.

ಕಂಪನಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ, ಬಳಿ ಹೋಗಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐ ಸಹಾಯವಾಣಿ 155255.

ಸೆಕೆಂಡ್ ಹ್ಯಾಂಡ್, ಹಳದಿ ಬೋರ್ಡ್, ಬ್ರಿಟನ್

ಹಳೆಯ ಕಾರು ಕೊಂಡವರೇ, ಕನೆಕ್ಟೆಡ್ ಆ್ಯಪ್ ಇನ್ನೂ ಹಿಂದಿನ ಮಾಲೀಕರ ಫೋನಿನಲ್ಲಿ ತೆರೆದುಕೊಂಡಿದೆಯೇ ನೋಡಿ. ಇದ್ದರೆ ನಿಮ್ಮ ಕಾರು ಎಲ್ಲಿದೆ ಎಂದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಬಾಗಿಲನ್ನೂ ಅವರೇ ತೆಗೆಯಬಹುದು. ಡೀಲರ್ ಬಳಿ ಖಾತೆ ಬದಲಾಯಿಸಿಕೊಳ್ಳುವವರೆಗೆ ಕಳ್ಳತನ ತಡೆ ಚೌಕ ಮುಟ್ಟಬೇಡಿ. ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರು ಪಡೆದ ಸಾಧನದ ರಿಯಾಯಿತಿ ಅದರಲ್ಲಿದ್ದರೆ ಆ ಹೊಣೆಯೂ ಈಗ ನಿಮ್ಮದೇ.

ಟ್ಯಾಕ್ಸಿ, ಬಸ್ಸಿನವರಿಗೆ ಎಐಎಸ್ 140 ಗುಣಮಟ್ಟದ ವಿಎಲ್‌ಟಿಡಿ (ವಾಹನ ಎಲ್ಲಿದೆ ಎಂದು ತಿಳಿಸುವ ಸಾಧನ) ಮತ್ತು ಪ್ಯಾನಿಕ್ ಬಟನ್ ಕಾನೂನಿನ ಪ್ರಕಾರವೇ ಇರಬೇಕು. 2019ರ ಜನವರಿ 1ರಿಂದ ನೋಂದಣಿಯಾದ ಸಾರ್ವಜನಿಕ ಸೇವಾ ವಾಹನಗಳಿಗೆ ಇದು ಕಡ್ಡಾಯ. ಆಟೊದಂಥ ತ್ರಿಚಕ್ರ ವಾಹನಗಳಿಗೆ ವಿನಾಯಿತಿ. ಅದು ಪ್ರಯಾಣಿಕರ ರಕ್ಷಣೆಗೆ ಇರುವ ಸಾಧನ. ಅದನ್ನೇ ಕಳ್ಳತನ ತಡೆ ಸಾಧನವೆಂದು ಒಪ್ಪುತ್ತೀರಾ ಎಂದು ಕಂಪನಿಯನ್ನು ಬರಹದಲ್ಲಿ ಕೇಳದೆ ರಿಯಾಯಿತಿ ಪಡೆಯಬೇಡಿ.

ಕೆಲಸಕ್ಕೆಂದು ಬ್ರಿಟನ್ನಿಗೆ ಹೋದವರೂ ಆಗಾಗ ಕೇಳುತ್ತಾರೆ. ಅಲ್ಲಿನ ಲೆಕ್ಕ ಬೇರೆ. 1998ರ ಅಕ್ಟೋಬರಿನಿಂದ ಹೊಸ ಕಾರುಗಳಲ್ಲಿ ಇಮೊಬಿಲೈಸರ್ ಕಡ್ಡಾಯ, ಹಾಗಾಗಿ ಫಾರ್ಮಿನ ಪ್ರಶ್ನೆ ಥ್ಯಾಚಮ್ ದರ್ಜೆಯ ಸುತ್ತ ಇರುತ್ತದೆ. ಥ್ಯಾಚಮ್ ಅಲ್ಲಿನ ವಿಮಾ ಕಂಪನಿಗಳ ಸಂಶೋಧನಾ ಕೇಂದ್ರ. ಅಲಾರಂ, ಇಮೊಬಿಲೈಸರ್ ಎರಡೂ ಇದ್ದರೆ ಕೆಟಗರಿ 1. ಇಮೊಬಿಲೈಸರ್ ಮಾತ್ರ ಇದ್ದರೆ ಕೆಟಗರಿ 2. ಟ್ರ್ಯಾಕರ್‌ಗಳಲ್ಲಿ ಎಸ್5, ಎಸ್7 ಎಂದು ಎರಡು. ಎಸ್5ನಲ್ಲಿ ಚಾಲಕನ ಬಳಿ ಗುರುತಿನ ಟ್ಯಾಗ್ ಇರಬೇಕು, ಅದಿಲ್ಲದೆ ಕಾರು ಕದಲಿದರೆ ನಿಗಾ ಕೇಂದ್ರಕ್ಕೆ ಸೂಚನೆ ಹೋಗುತ್ತದೆ. ದುಬಾರಿ ಕಾರುಗಳಿಗೆ ಟ್ರ್ಯಾಕರ್ ಇಲ್ಲದೆ, ಚಂದಾ ಚಾಲ್ತಿಯಲ್ಲಿರದೆ ಕಳವಿನ ರಕ್ಷಣೆಯೇ ಇಲ್ಲ ಎಂಬ ಷರತ್ತೂ ಪಾಲಿಸಿಯಲ್ಲಿ ಇರಬಹುದು. ಗ್ರಾಹಕರು ಪ್ರಶ್ನೆಗಳಿಗೆ ತಕ್ಕಷ್ಟು ಎಚ್ಚರ ವಹಿಸಿ ಉತ್ತರಿಸಬೇಕು ಎಂದು ಅಲ್ಲಿನ ಗ್ರಾಹಕ ವಿಮೆಯ 2012ರ ಕಾಯ್ದೆ ಹೇಳುತ್ತದೆ. ಹೋಲಿಕೆ ಜಾಲತಾಣಗಳು ನಂಬರ್ ಪ್ಲೇಟ್ ಹಾಕಿದೊಡನೆ ‘ಕಾರ್ಖಾನೆಯ ಅಲಾರಂ ಇದೆ’ ಎಂದು ತಾವೇ ತುಂಬಿಕೊಳ್ಳುತ್ತವೆ. ಅದು ಸರಿಯೇ ಎಂದು ಕಾರಿನ ಕೈಪಿಡಿ ತೆರೆದು ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿ ಮುಂದಿನ ಪುಟಕ್ಕೆ ಹೋಗಿ.